ಗೋಡೆಗೊಬ್ಬ ಚಕ್ರವರ್ತಿ

ಅಮೆರಿಕದಲ್ಲಿ ಒಂದು ಬಗೆಯ ಸಂಘಗಳಿವೆ. 768ರಿಂದ 814ರವರೆಗೆ ಪಶ್ಚಿಮ ಯೂರೋಪಿನ ಫ್ರಾಂಕ್ ಜನರ ದೊರೆಯಾಗಿದ್ದ ಷಾರ್ಲಮೇನನ ವಂಶ ನಮ್ಮದು ಎಂದು ಕಾಗದಪತ್ರ ಸಮೇತ ರುಜುವಾತು ಮಾಡಿದವರಿಗೆ ಅಲ್ಲಿ ಸದಸ್ಯತ್ವ, ಜೊತೆಗೆ ಗೋಡೆಗೆ ನೇತುಹಾಕಲು ಒಂದು ಪ್ರಮಾಣಪತ್ರ.

ತೊಡಕು ಒಂದೇ: ಅರ್ಜಿ ಹಾಕದವರೂ ಆತನ ವಂಶಸ್ಥರೇ. ತಲೆಮಾರಿಗೆ 30 ವರ್ಷ ಹಿಡಿದರೆ ಆತನಿಂದ ಇಲ್ಲಿಗೆ 40 ತಲೆಮಾರು. ಹೆತ್ತವರು ಇಬ್ಬರು, ಅವರ ಹೆತ್ತವರು ನಾಲ್ವರು ಎಂದು ದುಪ್ಪಟ್ಟು ಮಾಡುತ್ತ ಹೋದರೆ 40ನೇ ಮೆಟ್ಟಿಲಲ್ಲಿ ಒಂದು ಲಕ್ಷ ಕೋಟಿಗೂ ಹೆಚ್ಚು ಪೂರ್ವಜರು ಬೇಕು. ಆಗ ಯೂರೋಪಿನಲ್ಲಿ ಇದ್ದವರೇ ಕೆಲವು ಕೋಟಿ. ಹಾಗಾಗಿ ಇದ್ದವರೇ ಮತ್ತೆ ಮತ್ತೆ ಅಜ್ಜಂದಿರಾಗಬೇಕು. ಯೂರೋಪ್ ಮೂಲದವರೆಲ್ಲ ಷಾರ್ಲಮೇನನ ಕುಡಿಗಳು ಎಂಬುದು ಸಂಖ್ಯಾಶಾಸ್ತ್ರಜ್ಞರ ಲೆಕ್ಕ. ಆತನ ಹಂದಿ ಕಾಯುತ್ತಿದ್ದವನ ಸಂತತಿ ಉಳಿದಿದ್ದರೆ ಅವನೂ ಅಷ್ಟೇ ಖಚಿತವಾದ ಪೂರ್ವಜ. ಅವನ ಹೆಸರಿನ ಸಂಘಕ್ಕೆ ಮಾತ್ರ ಯಾರೂ ಚಂದಾ ಎತ್ತಿಲ್ಲ.

ಇರಲಿ, ಅರ್ಜಿ ಹಾಕಲೇಬೇಕೆಂದಿದ್ದರೆ ಕ್ರಮ ಹೀಗೆ. ಡಿಎನ್‌ಎ ಪರೀಕ್ಷೆಗೆ ದುಡ್ಡು ಸುರಿಯಬೇಡಿ, ಇಷ್ಟು ಹಿಂದಿನ ಒಬ್ಬ ಅಜ್ಜನನ್ನು ಅದು ತೋರಿಸಿಕೊಡಲಾರದು. ನಿಮ್ಮ ಜನನ ಪತ್ರದಿಂದ ಶುರುಮಾಡಿ ಒಂದೊಂದೇ ತಲೆಮಾರಿಗೆ ದಾಖಲೆ ಜೋಡಿಸಿ. 17ನೇ ಶತಮಾನದಲ್ಲಿ ಅಮೆರಿಕಕ್ಕೆ ಬಂದ, ರಾಜವಂಶದ ನಂಟು ಈಗಾಗಲೇ ಸಾಬೀತಾಗಿರುವ ವಲಸಿಗನೊಬ್ಬ ಸಿಕ್ಕರೆ ಅರ್ಧ ಗೆದ್ದಂತೆ. ಎಡವುವುದು ಹೆಚ್ಚಾಗಿ ಅಲ್ಲಿಯವರೆಗಿನ ದಾರಿಯಲ್ಲೇ: ಹೆಂಡತಿಯ ತವರಿನ ಹೆಸರು ಇರುವುದಿಲ್ಲ, ಒಂದೇ ಊರಿನ ಇಬ್ಬರು ಜಾನ್‌ಗಳು ಒಬ್ಬನೇ ಆಗಿಬಿಡುತ್ತಾರೆ. ಗುಸ್ತಾವ್ ಅಂಜೂ ಎಂಬಾತನಂತೂ 20ನೇ ಶತಮಾನದ ಆರಂಭದಲ್ಲಿ ಕಾಸು ಕೊಟ್ಟವರಿಗೆ ವಂಶಾವಳಿ ಹೊಸೆದು ಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ.

ಇನ್ನು ಯಾವ ಕೊಂಬೆ ಹಿಡಿಯಬೇಕು? ಪಿಪಿನ್ ಎಂಬ ಹೆಸರು ಕಂಡಲ್ಲಿ ಹುಷಾರು. ಗೂನುಬೆನ್ನಿನ ಹಿರಿಮಗ ಪಿಪಿನ್ ಬದುಕಿರುವಾಗಲೇ, 781ರಲ್ಲಿ, ಕಾರ್ಲೋಮನ್ ಎಂಬ ಇನ್ನೊಬ್ಬ ಮಗನಿಗೂ ಪಿಪಿನ್ ಎಂದೇ ಹೆಸರಿಟ್ಟು ಇಟಲಿಯ ಪಟ್ಟ ಕೊಡಿಸಿದ ಪುಣ್ಯಾತ್ಮ ಈ ಅಪ್ಪ. ಹಿರಿಯವನು 792ರಲ್ಲಿ ದಂಗೆಯೆದ್ದಾಗ ತಲೆ ಬೋಳಿಸಿ ಮಠಕ್ಕೆ ಅಟ್ಟಿದರು. ನಿಮಗೆ ಬೇಕಾದವನು ಕಿರಿಯವನು. ಹೆಣ್ಣುಮಕ್ಕಳ ಕಡೆಯಿಂದ ಬರುತ್ತೇನೆಂದರೆ ಮದುವೆಯ ದಾಖಲೆ ಕೇಳುತ್ತಾರೆ, ಅದು ಹುಟ್ಟೇ ಇಲ್ಲ. ಮಗಳಂದಿರನ್ನು ಬಿಟ್ಟಿರಲಾರೆ ಎಂದು ದೊರೆ ಅವರಿಗೆ ಮದುವೆಯನ್ನೇ ಮಾಡಲಿಲ್ಲ. ಮೊಮ್ಮಕ್ಕಳಿಗೇನೂ ಬರವಿರಲಿಲ್ಲ. ಬರ್ತಾಳ ಮಗ ನಿತಾರ್ಡ್ ಮುಂದೆ ಈ ಮನೆಯ ದಾಯಾದಿ ಜಗಳದ ಇತಿಹಾಸವನ್ನೇ ಬರೆದ.

ಕಿರಿಯ ಪಿಪಿನನ ಮಗ ಬರ್ನಾರ್ಡನಿಂದ ಇಳಿದ, ಉತ್ತರ ಫ್ರಾನ್ಸಿನ ವೆರ್ಮಾಂಡ್ವಾ ಶಾಖೆಗೆ ಒಳ್ಳೆಯ ಬೇಡಿಕೆಯಿದೆ. ಆ ಬರ್ನಾರ್ಡನ ಕಣ್ಣು ಕೀಳಿಸಿದವನು ಸ್ವಂತ ಚಿಕ್ಕಪ್ಪ, ಬಿರುದಿನಲ್ಲಿ 'ಧರ್ಮಿಷ್ಠ' ಲೂಯಿ. 818ರಲ್ಲಿ ಹುಡುಗ ಅದರಿಂದಲೇ ಸತ್ತ. ನೂರು ವರ್ಷ ಕಳೆದು ಬರ್ನಾರ್ಡನ ವಂಶದ ಹರ್ಬರ್ಟ್, ಲೂಯಿಯ ವಂಶದ ದೊರೆ ಮೂರನೇ ಚಾರ್ಲ್ಸ್‌ನನ್ನು ಸೆರೆಗೆ ತಳ್ಳಿದ. ದೊರೆ 929ರಲ್ಲಿ ಸೆರೆಯಲ್ಲೇ ತೀರಿಕೊಂಡ. ಪ್ರಮಾಣಪತ್ರದಲ್ಲಿ ಇದೆಲ್ಲ ಬಾಣದ ಗುರುತು ಹಾಕಿದ ನಾಲ್ಕೈದು ಹೆಸರು, ಅಷ್ಟೆ.

ಇಂಗ್ಲೆಂಡಿನ ಅರಸರ ಮೂಲಕ ಬರುವವರಿಗೆ ಲೂಯಿಯ ಮೊಮ್ಮಗಳು ಜೂಡಿತ್ ಸಿಗುತ್ತಾಳೆ. ಮೊದಲ ಗಂಡ ವೆಸೆಕ್ಸಿನ ಮುದಿ ದೊರೆ ಎಥೆಲ್‌ವುಲ್ಫ್. ಅವನು ಸತ್ತ ಮೇಲೆ ಎರಡನೆಯವನು ಅವನದೇ ಮಗ. ಅವನೂ ಸತ್ತು ತವರಿಗೆ ಬಂದವಳನ್ನು ಅಪ್ಪ ಸೆನ್ಲಿಸ್‌ನಲ್ಲಿ ಕಾವಲಿನಲ್ಲಿಟ್ಟ. ಅಲ್ಲಿಂದ ಬಾಲ್ಡ್ವಿನ್ ಎಂಬವನ ಜೊತೆ ಓಡಿಹೋದಳು. ಅಪ್ಪ ಚರ್ಚಿನಿಂದ ಬಹಿಷ್ಕಾರ ಹಾಕಿಸಿದ, ಪೋಪ್ ನಡುವೆ ಬಂದು ರಾಜಿ ಮಾಡಿಸಿದರು, 863ರಲ್ಲಿ ಮದುವೆಯಾಯಿತು. ಅರ್ಜಿಯಲ್ಲಿ ಕೇಳುವುದು ಮದುವೆಯ ವರ್ಷವನ್ನಷ್ಟೇ. 863 ಎಂದು ಬರೆದು ಶುಲ್ಕ ಕಟ್ಟಿ.