ಕನೆಕ್ಟ್ ಆಗಿದೆ ಅಂತ ಸುಳ್ಳು ಹೇಳಬೇಡಿ

ದುಡ್ಡು ತಗೊಂಡು ಕೈಗೊಂದು ಫೈಲು ಕೊಟ್ಟು ಸುಮ್ಮನಾಗುತ್ತಾರೆ ಈ ವಿಪಿಎನ್ (ನಮ್ಮ ಇಂಟರ್ನೆಟ್ ಓಡಾಟ ಬೇರೆಯವರಿಗೆ ಕಾಣದ ಹಾಗೆ ಸುರಂಗದಂಥ ದಾರಿಯಲ್ಲಿ ಕಳಿಸುವ ಸೇವೆ) ಕಂಪನಿಯವರು. ವಿಂಡೋಸ್ ಇದ್ದವರಿಗೆ ಚೆಂದದ ಆ್ಯಪ್ ಇದೆ, ಒಂದು ಬಟನ್ ಒತ್ತಿದರೆ ಮುಗಿಯಿತು. ಲಿನಕ್ಸ್ ಅಂದ ತಕ್ಷಣ ಓಪನ್‌ವಿಪಿಎನ್ ಅನ್ನುವ ತಂತ್ರಾಂಶಕ್ಕೆ ಬೇಕಾದ ಒಂದು ಸೆಟ್ಟಿಂಗ್ ಫೈಲು, ಜೊತೆಗೆ ಯಾವ ಕಾಲದಲ್ಲಿ ಬರೆದದ್ದೋ ಗೊತ್ತಾಗದ ಒಂದು ಪುಟದ ಸೂಚನೆ. ಚಂದಾ ಮಾತ್ರ ಎಲ್ಲರಷ್ಟೇ ಕಟ್ಟಬೇಕು.

ಅವರು ಹೇಳಿದ ಹಾಗೇ ಟರ್ಮಿನಲ್‌ನಲ್ಲಿ ಓಡಿಸಿದೆ. ಕೊನೆಯಲ್ಲಿ ‘ಇನಿಷಿಯಲೈಸೇಷನ್ ಸೀಕ್ವೆನ್ಸ್ ಕಂಪ್ಲೀಟೆಡ್’, ಅಂದರೆ ಕನೆಕ್ಟ್ ಆಗಿದೆ ಅಂತ ಬಂತು. ಐಪಿ ವಿಳಾಸವೂ ಬದಲಾಯಿತು. ಇಷ್ಟಾದರೆ ಯಾರಾದರೂ ಎಲ್ಲ ಸರಿಯಾಯಿತು ಅಂತಲೇ ನಂಬುತ್ತಾರೆ, ಅಲ್ವಾ? ಆದರೆ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಚಾರಣೆಗಳು ವಿಪಿಎನ್‌ನಿಂದ ಹೊರಗೆ ಸೋರುತ್ತಿವೆಯಾ ಅಂತ ಪರೀಕ್ಷೆ ಮಾಡಿದರೆ ನನ್ನ ಇಂಟರ್ನೆಟ್ ಕಂಪನಿಯ ಸರ್ವರ್‌ಗಳೇ ಸಾಲಾಗಿ ನಿಂತಿವೆ! ಅಂದರೆ ನಾನು ಯಾವ ಸೈಟಿಗೆ ಹೋಗುತ್ತೇನೆ ಅಂತ ಅವರಿಗೆ ಮೊದಲಿನ ಹಾಗೇ ಗೊತ್ತಾಗುತ್ತಿದೆ. ಅದನ್ನು ತಪ್ಪಿಸುವುದಕ್ಕೇ ತಾನೇ ನಾನು ದುಡ್ಡು ಕೊಟ್ಟಿದ್ದು?

ಕಾರಣ ಹುಡುಕಿದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ಯಾವ ಡಿಎನ್‌ಎಸ್ ಬಳಸಬೇಕು ಅಂತ ವಿಪಿಎನ್ ಸರ್ವರ್ ಹೇಳಿಯೇ ಹೇಳುತ್ತದೆ. ವಿಂಡೋಸ್‌ನಲ್ಲಿ ಅದು ತಾನಾಗಿ ಜಾರಿಯಾಗುತ್ತದೆ. ನನ್ನ ಹತ್ತಿರ ಇರುವ ಓಪನ್‌ವಿಪಿಎನ್ 2.6 ಲಿನಕ್ಸ್‌ನಲ್ಲಿ ಆ ಮಾಹಿತಿಯನ್ನು ಪಡೆದುಕೊಳ್ಳುತ್ತದೆ ಅಷ್ಟೇ. ಅದನ್ನು ಸಿಸ್ಟಂಗೆ ತಲುಪಿಸಲು ಬೇರೆ ಸ್ಕ್ರಿಪ್ಟ್ ಬೇಕು. ಡೆಬಿಯನ್, ಉಬುಂಟು ಎರಡರಲ್ಲೂ ಆ ಸ್ಕ್ರಿಪ್ಟಿನ ಪ್ಯಾಕೇಜು ಸಿಗುತ್ತದೆ. ಅದನ್ನು ಹಾಕಿಕೊಂಡು ಫೈಲಿಗೆ ನಾಲ್ಕೈದು ಸಾಲು ಸೇರಿಸಿದರೆ ಸೋರಿಕೆ ನಿಲ್ಲುತ್ತದೆ. ಈ ನಾಲ್ಕೈದು ಸಾಲು ಬರೆಯುವುದಕ್ಕೆ ಅವರಿಗೆ ಏನು ಕಷ್ಟ?

ಐಪಿ ವಿಳಾಸಗಳ ಹೊಸ ಬಗೆಯಾದ ಐಪಿವಿ6 ಕಥೆಯೂ ಇದೇ. ವಿಪಿಎನ್ ಸುರಂಗದೊಳಗೆ ಹೋಗುವುದು ಹಳೆಯ ಬಗೆಯ ಐಪಿವಿ4 ಮಾತ್ರ, ಐಪಿವಿ6 ರಾಜಾರೋಷವಾಗಿ ಹೊರಗಿನಿಂದಲೇ ಹೋಗುತ್ತದೆ. ಅದರ ಬಗ್ಗೆ ಆ ಪುಟದಲ್ಲಿ ಒಂದು ಮಾತಿಲ್ಲ.

ಫೈಲಿನೊಳಗೆ ಕಣ್ಣಾಡಿಸಿದರೆ ಸೈಫರ್ (ಮಾಹಿತಿಯನ್ನು ಗೂಢಲಿಪಿ ಮಾಡುವ ವಿಧಾನ) ಅಂತ ಇನ್ನೂ ಹಳೆಯ ಬ್ಲೋಫಿಶ್ ಹೆಸರಿದೆ. ಅದು ಮಾಹಿತಿಯನ್ನು 64 ಬಿಟ್‌ನ ಚಿಕ್ಕ ತುಂಡುಗಳಾಗಿ (ಬ್ಲಾಕ್) ಗೂಢಲಿಪಿ ಮಾಡುವುದರಿಂದ ಏನು ಅಪಾಯ ಅಂತ ‘ಸ್ವೀಟ್32’ ದಾಳಿ 2016ರಲ್ಲೇ ತೋರಿಸಿಕೊಟ್ಟಿದೆ. ಹೊಸ ಓಪನ್‌ವಿಪಿಎನ್ ಒಂದು ಎಚ್ಚರಿಕೆ ಕೊಟ್ಟು, ಆ ಸಾಲನ್ನು ಬದಿಗಿಟ್ಟು, ಸರ್ವರ್ ಜೊತೆ ಮಾತಾಡಿ ಎಇಎಸ್ ಅನ್ನುವ ಸುರಕ್ಷಿತ ಸೈಫರ್ ಆರಿಸಿಕೊಂಡಿತು. ಹಾಗಾಗಿ ಬಚಾವಾದೆ. ಭದ್ರತೆ ಮಾರುವವರು ತಮ್ಮದೇ ಫೈಲನ್ನು ಇಷ್ಟು ವರ್ಷ ತೆರೆದು ನೋಡಿಲ್ಲ ಅಂದರೆ ಏನು ಹೇಳುವುದು?

ಓಪನ್‌ವಿಪಿಎನ್ ಬದಲು ವೈರ್‌ಗಾರ್ಡ್ ಅನ್ನುವ ಇನ್ನೊಂದು ವಿಪಿಎನ್ ವಿಧಾನ ಕೊಡಿ ಅಂತ ಕಂಪನಿಗೆ ಬರೆದೆ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನಲ್‌ನೊಳಗೇ, ಅಂದರೆ ಲಿನಕ್ಸ್‌ನ ತಿರುಳಿನೊಳಗೇ ಇದೆ. ಓಪನ್‌ವಿಪಿಎನ್‌ಗಿಂತ ಎಷ್ಟೋ ಚಿಕ್ಕದು, ಕಾನ್ಫಿಗ್ ಫೈಲು ಹತ್ತಿಪ್ಪತ್ತು ಸಾಲು ದಾಟುವುದಿಲ್ಲ. ‘ಲಿನಕ್ಸ್ ಬಳಸುವವರು ಕಡಿಮೆ, ವಿಂಡೋಸ್‌ನಲ್ಲಿ ಪ್ರಯತ್ನಿಸಿ’ ಅಂತ ಉತ್ತರ ಬಂತು. ಕಡಿಮೆ ಇದ್ದೇವೆ ಅಂತ ನಮ್ಮ ಗೋಪ್ಯತೆಗೆ ಬೆಲೆ ಕಡಿಮೆಯಾ? ಹಾಗಿದ್ದರೆ ಚಂದಾ ಕಟ್ಟಿಸಿಕೊಳ್ಳುವ ಮುಂಚೆಯೇ ಹೇಳಬೇಕಿತ್ತು. ‘ಲಿನಕ್ಸ್‌ಗೂ ಲಭ್ಯ’ ಅನ್ನುವ ಸಾಲನ್ನು ತೆಗೆದುಹಾಕಿ, ಇಲ್ಲವೇ ಆ ಪುಟವನ್ನು ಇವತ್ತಿನ ಸಿಸ್ಟಂನಲ್ಲಿ ಓಡಿಸಿ ನೋಡಿ ಹೊಸದಾಗಿ ಬರೆಯಿರಿ ಅಂತ ಮತ್ತೆ ಬರೆದಿದ್ದೇನೆ. ದುಡ್ಡೂ ವಾಪಸ್ ಕೇಳಿದ್ದೇನೆ.