ಗಣಿಯೊಳಗೆ ಸತ್ತವರನ್ನು ಹೊರಗೆ ತರಲೇಬೇಕೆ?

ಪರ: ಲೆಕ್ಕ ಅರ್ಧಕ್ಕೆ ಬಿಡಬೇಡಿ

ಹಲವು ಗಣಿಗಳ ಬಾಗಿಲಲ್ಲಿ ಒಂದು ಹಲಗೆ ಇರುತ್ತದೆ. ಹಲಗೆ ತುಂಬ ಮೊಳೆಗಳು. ಒಳಗೆ ಹೋಗುವವನು ತನ್ನ ನಂಬರಿನ ಬಿಲ್ಲೆಯನ್ನು ಅಲ್ಲಿ ನೇತುಹಾಕುತ್ತಾನೆ, ಪಾಳಿ ಮುಗಿಸಿ ಬಂದಾಗ ತೆಗೆದುಕೊಳ್ಳುತ್ತಾನೆ. ಸ್ಫೋಟವಾದ ದಿನ ಎಲ್ಲರ ಕಣ್ಣೂ ಆ ಹಲಗೆಯ ಮೇಲೆಯೇ. ಯಾರ ಬಿಲ್ಲೆ ಇನ್ನೂ ಅಲ್ಲೇ ಇದೆ? ಒಳಗೆ ಕಳಿಸುವಾಗ ಇಷ್ಟು ಲೆಕ್ಕ ಇಟ್ಟವರು, ವಾಪಸ್ ತರುವ ಹೊತ್ತಿಗೆ ಲೆಕ್ಕ ಮರೆತರೆ ಹೇಗೆ?

ಸ್ಫೋಟದ ಮೇಲೆ ಒಳಗೆ ಬೆಂಕಿ ಇದ್ದರೆ ಗಣಿಯ ಬಾಯಿ ಮುಚ್ಚಿಬಿಡಿ ಎನ್ನುವವರಿದ್ದಾರೆ. ಮುಚ್ಚಿದರೆ ಗಾಳಿ ಸಿಗದೆ ಬೆಂಕಿ ಆರುತ್ತದೆ, ನಿಜ. ಆದರೆ ಒಳಗೆ ಯಾರೂ ಬದುಕಿಲ್ಲ ಎಂದು ಹೇಳುವವರು ಯಾರು? 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಕಲ್ಲಿದ್ದಲ ದೂಳು ಹೊತ್ತಿಕೊಂಡು 1,099 ಜನ ಸತ್ತರು. ಇನ್ನು ಯಾರೂ ಉಳಿದಿಲ್ಲ ಎಂದು ಆಸೆ ಬಿಟ್ಟಾಗಿತ್ತು. 20ನೇ ದಿನ 13 ಜನ ತಾವಾಗಿಯೇ ಹೊರಗೆ ಬಂದರು! ಸತ್ತವರ ಬುತ್ತಿ, ಕುದುರೆ ಮಾಂಸ ತಿಂದು, ಕತ್ತಲಲ್ಲಿ ತಡವಿಕೊಂಡು ದಾರಿ ಹುಡುಕಿದ್ದರು. 24ನೇ ದಿನ ಇನ್ನೊಬ್ಬ ಸಿಕ್ಕಿದ.

ಇರಲಿ, ಸತ್ತಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಆಗಲೂ ದೇಹ ಬೇಕು. ಯಾರು ಎಲ್ಲಿ ಬಿದ್ದಿದ್ದಾನೆ, ಮೈ ಸುಟ್ಟಿದೆಯೋ ಇಲ್ಲ ಹೊಗೆಯಲ್ಲಿ ಉಸಿರುಗಟ್ಟಿದೆಯೋ ಎನ್ನುವುದೇ ಸಾಕ್ಷಿ. 2010ರ ನವೆಂಬರ್ 19ರಂದು ನ್ಯೂಜಿಲೆಂಡಿನ ಪೈಕ್ ರಿವರ್ ಗಣಿಯಲ್ಲಿ 29 ಜನ ಸತ್ತರು. ಅಲ್ಲಿ ಗಾಳಿ ಆಡಿಸುವ ಮುಖ್ಯ ಫ್ಯಾನನ್ನೇ ನೆಲದಡಿಯಲ್ಲಿ ಕೂರಿಸಿದ್ದರು. ಸ್ಫೋಟವಾದರೆ ಮೊದಲು ಹೋಗುವುದೇ ಅದು, ಅಲ್ವಾ? ಇಂಥ ಗಣಿಯನ್ನು ಸುಮ್ನೆ ಮುಚ್ಚಿಬಿಟ್ಟರೆ ತಪ್ಪು ಮಾಡಿದವರಿಗೆ ಅನುಕೂಲ. ಮನೆಯವರು ವರ್ಷಗಟ್ಟಲೆ ಬಾಗಿಲಲ್ಲಿ ನಿಂತು ಹೋರಾಡಿದ್ದು ಅದಕ್ಕೇ.

ವಿರೋಧ: ಹುಡುಕಲು ಹೋದವನಿಗೂ ಒಂದು ಬಿಲ್ಲೆ

ಅದೇ ಹಲಗೆಯಲ್ಲಿ ರಕ್ಷಕನೂ ತನ್ನ ಬಿಲ್ಲೆ ನೇತುಹಾಕಬೇಕು. ಇದನ್ನು ಯಾಕೋ ಮರೆಯುತ್ತೇವೆ.

2007ರ ಆಗಸ್ಟ್ 6ರಂದು ಅಮೆರಿಕದ ಯೂಟಾದಲ್ಲಿ, ಕ್ರ್ಯಾಂಡಲ್ ಕ್ಯಾನ್ಯನ್ ಗಣಿ ಕುಸಿದು 6 ಜನ ಸಿಕ್ಕಿಬಿದ್ದರು. ಅವರತ್ತ ದಾರಿ ಮಾಡುತ್ತಿದ್ದಾಗ, 10 ದಿನದ ಮೇಲೆ ಪಕ್ಕದ ಕಲ್ಲಿದ್ದಲ ಗೋಡೆ ಸಿಡಿಯಿತು. 3 ರಕ್ಷಕರು ಸತ್ತರು. ಮೊದಲಿನ 6 ದೇಹಗಳು ಇವತ್ತಿಗೂ ಒಳಗೇ ಇವೆ.

ಕೂರಿಯೇರ್ ಕತೆ ಕೇಳಿದರೆ ನನಗೂ ಮೈ ಜುಂ ಎನ್ನುತ್ತದೆ. ಆದರೆ ಅದು ಬದುಕಿದವರ ಮಾತು. ಜೀವ ಇರಬಹುದು ಎನ್ನುವವರೆಗೆ ಹುಡುಕಲಿ, ಬೇಡ ಎಂದವರು ಯಾರು? ಸತ್ತವರಿಗೆ ಅವಸರವಿಲ್ಲ.

ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಅನಿಲದ ಸ್ವಭಾವ ವಿಚಿತ್ರ. ಗಾಳಿಯಲ್ಲಿ ಸುಮಾರು 5ರಿಂದ 15 ಪರ್ಸೆಂಟ್ ಇದ್ದರೆ ಮಾತ್ರ ಸಿಡಿಯುತ್ತದೆ. ಮುಚ್ಚಿದ ಗಣಿಯಲ್ಲಿ ಅದು 15 ದಾಟಿ ತುಂಬಿಕೊಂಡು, ಏನೂ ಮಾಡದೆ ಕೂತಿರುತ್ತದೆ. ಬಾಗಿಲು ತೆರೆದು ಗಾಳಿ ಬಿಟ್ಟಿರೋ, ಮೀಥೇನ್ ತೆಳುವಾಗುತ್ತ ಮತ್ತೆ ಆ ಸಿಡಿಯುವ ಅಳತೆಗೇ ಬರುತ್ತದೆ. ಎಲ್ಲೋ ಇದ್ದಲು ಇನ್ನೂ ಕೆಂಡವಾಗಿದ್ದರೆ ಮುಗಿಯಿತು. ಪೈಕ್ ರಿವರ್‌ನಲ್ಲಿ ರಕ್ಷಕರು ತಕ್ಷಣ ಒಳಗೆ ಹೋಗಲಿಲ್ಲ ಎಂದು ಜನ ಸಿಟ್ಟಾದರು. ಐದನೇ ದಿನ ಗಣಿ ಎರಡನೇ ಸಲ ಸಿಡಿಯಿತು.

ಸಾಕ್ಷಿ ಬೇಕು ಎನ್ನುವ ವಾದ ಮಾತ್ರ ತೂಕದ್ದು, ಒಪ್ಪುತ್ತೇನೆ. 2019ರಲ್ಲಿ ನ್ಯೂಜಿಲೆಂಡ್ ಸರ್ಕಾರ ತಂಡ ಕಟ್ಟಿ, ಎಲ್ಲ ಎಚ್ಚರಿಕೆ ತೆಗೆದುಕೊಂಡು ಪೈಕ್ ರಿವರ್ ಸುರಂಗದೊಳಗೆ ಕಳಿಸಿತು. ತಂಡ 2 ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಿ, 2021ರ ಫೆಬ್ರವರಿ ಹೊತ್ತಿಗೆ ಚಾವಣಿ ಕುಸಿದಿದ್ದ ಜಾಗ ಮುಟ್ಟಿತು. ಅಲ್ಲಿಗೇ ನಿಂತಿತು. ಅದೇ ವರ್ಷ ಪೊಲೀಸರು ಬೆಟ್ಟದ ಮೇಲಿಂದ ಬೋರ್ ಕೊರೆಸಿ ಕ್ಯಾಮೆರಾ ಇಳಿಸಿದರು. ಕೆಳಗೆ ದೇಹಗಳ ಅವಶೇಷ ಕಂಡವು. ಚಿತ್ರ ತೆಗೆದುಕೊಂಡರು, ದೇಹಗಳನ್ನು ಅಲ್ಲೇ ಬಿಟ್ಟರು.