ಕೈಯಲ್ಲಿ ಕಾಸು ಕಡಿಮೆ, ಹೊರದೇಶದ ಆಸೆ ಜಾಸ್ತಿ: ಅಲ್ಲಿನವರ ಮನೆಯಲ್ಲಿ ಹಣ ಕೊಡದೆ ಉಳಿಯಬಹುದೇ?

ಪರ: ಕರೆದವರ ಮನೆಗೆ ಹೋಗಿ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಸೊಲೊಲಾಕಿ ಗುಡ್ಡದ ಮೇಲೆ ಒಬ್ಬ ತಾಯಿಯ ಪ್ರತಿಮೆ ಇದೆ. 1958ರಲ್ಲಿ ನಿಲ್ಲಿಸಿದ್ದು. ಸುಮಾರು 20 ಮೀಟರ್ ಎತ್ತರ. ಒಂದು ಕೈಯಲ್ಲಿ ದ್ರಾಕ್ಷಾರಸದ ಬಟ್ಟಲು, ಇನ್ನೊಂದರಲ್ಲಿ ಕತ್ತಿ. ಬಟ್ಟಲು ಮನೆಗೆ ಬಂದವರಿಗೆ, ಕತ್ತಿ ದಾಳಿಗೆ ಬಂದವರಿಗೆ. ಮನೆಗೆ ಬಂದವರು ದೇವರ ಕಡೆಯವರು ಅಂತ ಆ ನಾಡಿನಲ್ಲಿ ಗಾದೆಯೇ ಇದೆ. ಅದು ಬರೀ ಬಾಯಿಮಾತಲ್ಲ ಅಂತ ನನಗೆ ಗೊತ್ತಾದದ್ದು ಸ್ವಾನೆತಿಯಲ್ಲಿ.

ಸ್ವಾನೆತಿ ಕಾಕಸಸ್ ಬೆಟ್ಟಗಳ ನಡುವಿನ ಸೀಮೆ. ಹಳ್ಳಿಗಳಲ್ಲಿ ಮನೆಗಳ ಪಕ್ಕದಲ್ಲೇ ನೂರಾರು ವರ್ಷ ಹಳೆಯ ಕಲ್ಲಿನ ಗೋಪುರಗಳು. ಮೆಸ್ತಿಯಾದಿಂದ ಉಶ್ಗುಲಿಗೆ ನಡೆದು ಹೋಗಲು ಸುಮಾರು ನಾಲ್ಕು ದಿನ ಬೇಕು. ನಾನು ಒಬ್ಬನೇ ಹೊರಟಿದ್ದೆ. ಎರಡನೇ ದಿನ ಸಂಜೆ ಮಳೆ ಹಿಡಿಯಿತು. ಒಂದು ಮನೆಯ ಬೇಲಿ ಹತ್ತಿರ ನಿಂತು, ಅಂಗಳದಲ್ಲಿ ಟೆಂಟ್ ಹಾಕಿಕೊಳ್ಳಲೇ ಅಂತ ಕೈಸನ್ನೆ ಮಾಡಿ ಕೇಳಿದೆ. ಅಲ್ಲಿದ್ದ ಅಜ್ಜಿ ಏನೂ ಹೇಳಲಿಲ್ಲ. ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಒಲೆ ಪಕ್ಕ ಕೂರಿಸಿದರು. ನನ್ನ ಒದ್ದೆ ಸಾಕ್ಸ್ ಇಸಿದುಕೊಂಡು ತಾವೇ ಒಣಗಲು ಹಾಕಿದರು.

ನಾನು ಮಾಂಸ ತಿನ್ನುವುದಿಲ್ಲ. ಅದನ್ನು ಹೇಳಲು ಅಲ್ಲಿ ಒಂದು ಒಳ್ಳೆಯ ಪದ ಇದೆ, ಸಮಾರ್ಖ್ವೋ. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಡುವ ಅಡುಗೆಗೆ ಆ ಹೆಸರು. ಪದ ಕೇಳಿದ್ದೇ ಅಜ್ಜಿಯ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಲೋಬಿಯೋ ಬಂತು. ರಾಜ್ಮಾ ಥರದ ಕಾಳು, ಕೊತ್ತಂಬರಿ ಹಾಕಿ ಬೇಯಿಸಿದ್ದು. ಜೊತೆಗೆ ಮ್ಚಾದಿ ಅನ್ನುವ ಮೆಕ್ಕೆಜೋಳದ ರೊಟ್ಟಿ. ಅಷ್ಟು ದೂರದಲ್ಲಿ ರೊಟ್ಟಿ, ಕಾಳು ಎದುರಿಗೆ ಬಂದಾಗ ನನಗೆ ಗಂಟಲು ಕಟ್ಟಿತು. ಸೋವಿಯತ್ ಕಾಲದಲ್ಲಿ ಹಿಂದಿ ಸಿನಿಮಾಗಳು ಆ ಕಡೆ ತುಂಬ ಓಡಿದ್ದವು. ನಾನು ಇಂಡಿಯಾ ಅಂದೆ, ಅಜ್ಜಿ ರಾಜ್ ಕಪೂರ್ ಅಂದರು. ಆಮೇಲೆ ಫೋನಿನ ಅನುವಾದ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಮಾತಾಡಿದೆವು. ನಮ್ಮ ಅಮ್ಮನಿಗೆ ಎಷ್ಟು ವಯಸ್ಸು, ಮಂಡಿನೋವು ಇದೆಯಾ ಅಂತೆಲ್ಲ ಕೇಳಿದರು. ಬೆಳಿಗ್ಗೆ ದುಡ್ಡು ತೆಗೆದಾಗ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು.

ಇದನ್ನು 'ಬಿಟ್ಟಿ ಊಟ' ಅಂದರೆ ನನಗೆ ನೋವಾಗುತ್ತದೆ. ಆ ರಾತ್ರಿ ಅಜ್ಜಿಯೂ ಒಂದು ದೇಶ ನೋಡಿದರು. ಅವರು ಕೇಳಿದ ಪ್ರಶ್ನೆಗಳು ನನ್ನವಕ್ಕಿಂತ ಜಾಸ್ತಿ ಇದ್ದವು.

ಇದೇನು ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಸರ್ವಾಸ್ ಅನ್ನುವ ಸಂಸ್ಥೆ ಶುರುವಾಯಿತು. ಬೇರೆ ಬೇರೆ ದೇಶದವರು ಒಬ್ಬರ ಮನೆಯಲ್ಲಿ ಒಬ್ಬರು ಉಳಿದರೆ ದ್ವೇಷ ಕರಗುತ್ತದೆ ಅನ್ನುವುದು ಅವರ ನಂಬಿಕೆ. ಸಾಮಾನ್ಯವಾಗಿ ಎರಡು ರಾತ್ರಿ ಉಳಿಯಬಹುದು. ಮನೆಯವರಿಗೆ ದುಡ್ಡು ಕೊಡುವ ಮಾತಿಲ್ಲ. ಆದರೆ ಸೇರುವ ಮೊದಲು ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ. ಇಂಟರ್ನೆಟ್ ಕಾಲದಲ್ಲಿ, ಮನೆಯಲ್ಲಿ ಹೀಗೆ ಉಳಿಸಿಕೊಳ್ಳುವವರನ್ನು ಹುಡುಕಿಕೊಡುವ ಕೌಚ್‌ಸರ್ಫಿಂಗ್ ಅನ್ನುವ ಜಾಲತಾಣ ಬಂತು.

ವಿಮಾನದ ಟಿಕೆಟ್, ವೀಸಾ, ವಿಮೆ ಇಷ್ಟಕ್ಕೇ ನಮ್ಮಂಥವರ ವರ್ಷದ ಉಳಿತಾಯ ಮುಗಿಯುತ್ತದೆ. ಇಂಥ ಮನೆಗಳು ಇಲ್ಲದಿದ್ದರೆ ಹೊರದೇಶ ಅನ್ನುವುದು ಹಣವಂತರಿಗೆ ಮಾತ್ರ. ಋಣ ತೀರಿಸುವ ದಾರಿಯೂ ಇದೆ. ಸೌದೆ ಒಡೆಯಬಹುದು, ಪಾತ್ರೆ ತೊಳೆಯಬಹುದು. ಊರಿಗೆ ಬಂದ ಮೇಲೆ ನಮ್ಮ ಮನೆ ಬಾಗಿಲನ್ನೂ ತೆರೆಯಬಹುದು. ಮೈಸೂರಿನ ನನ್ನ ಮನೆಯಲ್ಲಿ ಈಗ ಒಂದು ಹಾಸಿಗೆ ಅದಕ್ಕೆಂದೇ ಇದೆ. ಬಂದವರಿಗೆ ನಾನೇ ಒಗ್ಗರಣೆ ಹಾಕಿ ಕಾಳುಸಾರು ಮಾಡಿ ಬಡಿಸುತ್ತೇನೆ.

ವಿರೋಧ: 'ಬೇಡ' ಅನ್ನಲಾಗದವರ ಮನೆಗೆ ಹೋಗಬೇಡಿ

ನಾನು ಶಿರಸಿ ಕಡೆಯವಳು. ಯಾರೇ ಬಂದರೂ ಮೊದಲು 'ಆಸರಿಗೆ ಏನು ಬೇಕು', ಅಂದರೆ ಕುಡಿಯಲು ಏನು ಕೊಡಲಿ, ಅಂತ ಕೇಳುವ ಮನೆಯಲ್ಲಿ ಬೆಳೆದವಳು. ರಾತ್ರಿ ಹತ್ತು ಗಂಟೆಗೆ ನೆಂಟರು ಬಂದರೂ ಅಪ್ಪ 'ಊಟ ಮಾಡದೆ ಹೋಗುವ ಹಾಗಿಲ್ಲ' ಅನ್ನುತ್ತಿದ್ದರು. ಅಮ್ಮ ನಗುತ್ತಲೇ ಒಳಗೆ ಹೋಗುತ್ತಿದ್ದರು. ಬಂದವರು ಆ ನಗು ನೋಡುತ್ತಿದ್ದರು. ಒಲೆ ಮುಂದೆ ಕೂತ ಅಮ್ಮನ ಬೆನ್ನು ನಾನು ನೋಡುತ್ತಿದ್ದೆ. ಹೆಸರು ಅಪ್ಪನಿಗೆ, ಹೊಗೆ ಅಮ್ಮನಿಗೆ.

ಜಾರ್ಜಿಯಾಕ್ಕೆ ನಾನೂ ಒಬ್ಬಳೇ ಹೋಗಿದ್ದೇನೆ. ಅಲ್ಲಿನ ಸುಪ್ರಾ ಅನ್ನುವ ದೊಡ್ಡ ಊಟಕ್ಕೆ ಒಂದು ಮನೆಯಲ್ಲಿ ನನ್ನನ್ನೂ ಕೂರಿಸಿದರು. ತಮಾದಾ ಅಂದರೆ ಆ ಊಟದ ಯಜಮಾನ. ಅವರು ಎದ್ದು ನಿಂತು ಸತ್ತ ಹಿರಿಯರಿಗೆ, ಮಕ್ಕಳಿಗೆ, ದೂರದಿಂದ ಬಂದ ನನಗೆ ಅಂತ ಒಂದೊಂದೇ ಮಾತು ಹೇಳಿ ಬಟ್ಟಲು ಎತ್ತುತ್ತಿದ್ದರು. ತುಂಬ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಅಷ್ಟು ಹೊತ್ತೂ ಇಬ್ಬರು ಹೆಂಗಸರು ಅಡುಗೆಮನೆಗೂ ಮೇಜಿಗೂ ಓಡಾಡುತ್ತಲೇ ಇದ್ದರು. ನನ್ನ ಕಣ್ಣು ಅವರ ಮೇಲೆಯೇ ಇತ್ತು.

ಬಂದವರನ್ನು ಕಳಿಸಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಕಡೆ, ಮನೆಯವರ 'ಬನ್ನಿ' ಅನ್ನುವ ಮಾತು ಮನಸ್ಸಿನದೋ ಕಟ್ಟುಪಾಡಿನದೋ ನಮಗೆ ತಿಳಿಯುವುದು ಹೇಗೆ? ಮಳೆಯಲ್ಲಿ ಸಿಕ್ಕಿಹಾಕಿಕೊಂಡವರನ್ನು ಒಳಗೆ ಕರೆದದ್ದು ಬೇರೆ. ಅದಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಬೆಂಗಳೂರಿನಲ್ಲಿ ಕೂತು 'ಉಳಿಯುವ ಖರ್ಚು: ಸೊನ್ನೆ' ಅಂತ ಬರೆದುಕೊಂಡು ಹೊರಡುವುದು ಬೇರೆ. ಇನ್ನೂ ಮುಖ ನೋಡದ ಹೆಂಗಸಿನ ಕೆಲಸವನ್ನು ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ ಹಾಗೆ ಅದು.

ಸ್ವಾನೆತಿಯಲ್ಲಿ ಚಳಿಗಾಲ ಉದ್ದ. ಮೇಲಿನ ಹಳ್ಳಿಗಳ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತದೆ. ನಡೆದು ಬರುವವರು ಸಿಗುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಷ್ಟರಲ್ಲೇ ಮನೆಯ ಎರಡು ಮೂರು ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ರಾತ್ರಿಯ ಊಟ, ಬೆಳಗಿನ ತಿಂಡಿ ಹಾಕಿ ಆ ಕುಟುಂಬಗಳು ನಾಲ್ಕು ಕಾಸು ಮಾಡಿಕೊಳ್ಳಬೇಕು. ಆ ಕೋಣೆಯಲ್ಲಿ ಸುಮ್ನೆ ಮಲಗಿ ಎದ್ದು ಬಂದರೆ ಅವರ ಚಳಿಗಾಲದ ಹಿಟ್ಟಿಗೆ ಕೈ ಹಾಕಿದಂತೆ ಅಲ್ವಾ?

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಹೇಳಲೇಬೇಕು. ಬೇರೊಂದು ದೇಶದಲ್ಲಿ, ಆಪ್‌ನಲ್ಲಿ ಸಿಕ್ಕ ಒಬ್ಬರ ಮನೆಯಲ್ಲಿ ಉಳಿದಿದ್ದೆ. ರಾತ್ರಿಯಾಗುತ್ತಾ ಆತನ ಮಾತಿನ ಧಾಟಿ ಬದಲಾಯಿತು. ಬಾಗಿಲಿಗೆ ಚೀಲ ಅಡ್ಡ ಇಟ್ಟು ಬೆಳಗಿನವರೆಗೆ ಕೂತಿದ್ದೆ. ಹೋಟೆಲ್ಲಿಗೆ ಹೋಗುವಷ್ಟು ದುಡ್ಡನ್ನು ನಾನು ಎತ್ತಿಟ್ಟಿರಲಿಲ್ಲ, ಅದಕ್ಕೇ ಎದ್ದು ಹೋಗಲಾಗಲಿಲ್ಲ. ಆತನ ಬಗ್ಗೆ ಬಂದ ವಿಮರ್ಶೆಗಳೆಲ್ಲ ಚೆನ್ನಾಗಿಯೇ ಇದ್ದವು. ಉಚಿತವಾಗಿ ಇಟ್ಟುಕೊಂಡವರ ಮೇಲೆ ಕೆಟ್ಟದಾಗಿ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಾನೂ ಬರೆಯಲಿಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ನನ್ನ ನಂತರ ಅಲ್ಲಿಗೆ ಯಾರು ಹೋದರೋ.

ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಹದಿನೈದು ದಿನದ ಬದಲು ಎಂಟು ದಿನ ಹೋಗಿ. ಇಲ್ಲವೇ ಇನ್ನೊಂದು ವರ್ಷ ಕೂಡಿಡಿ.

ಸ್ವಾನೆತಿಯಲ್ಲಿ ನಾನು ಬೋರ್ಡ್ ಹಾಕಿದ ಮನೆಯನ್ನೇ ಹುಡುಕಿ ಉಳಿದೆ. ದುಡ್ಡು ಕೊಟ್ಟೆ, ಆ ಅಮ್ಮ ಎಣಿಸಿ ಏಪ್ರನ್ ಜೇಬಿಗೆ ಹಾಕಿಕೊಂಡರು. ನಾನು ಗೇಟಿನವರೆಗೆ ಬಂದಿದ್ದೆ. ಹಿಂದಿನಿಂದ ಕೂಗಿ ನಿಲ್ಲಿಸಿ, ಓಡಿಬಂದು, ಬಿಸಿ ರೊಟ್ಟಿ ಮತ್ತು ಒಂದು ಹಿಡಿ ಆಕ್ರೋಟ್ ಕಟ್ಟಿದ ಬಟ್ಟೆಯ ಗಂಟನ್ನು ನನ್ನ ಚೀಲಕ್ಕೆ ತುರುಕಿದರು. ಅದಕ್ಕೆ ನಾನು ಪರ್ಸ್ ತೆಗೆಯಲಿಲ್ಲ. ತಬ್ಬಿಕೊಂಡು ಬಂದೆ.